ಮಾವನವರ ಡೈರಿ, ಮಗನ ಗ್ರಾಫ್

ಪ್ರಶ್ನೆ: ನಮ್ಮದು ಮಳೆ ನಂಬಿದ ಹೊಲ. ನಮ್ಮ ಮಾವನವರು 1998ರಿಂದ ಅಂಗಳದಲ್ಲಿ ಮಳೆಮಾಪಕ ಇಟ್ಟು, ಬಿದ್ದ ಮಳೆಯನ್ನೆಲ್ಲ ಡೈರಿಯಲ್ಲಿ ಬರೆಯುತ್ತಾ ಬಂದಿದ್ದಾರೆ. ಬೆಂಗಳೂರಿನಲ್ಲಿರುವ ನನ್ನ ಮಗ ದಸರಾಕ್ಕೆ ಬಂದಾಗ ಅದನ್ನೆಲ್ಲ ಮೊಬೈಲಿಗೆ ಹಾಕಿ ಗ್ರಾಫ್ ಮಾಡಿದ. "ನೋಡು ತಾತ, ನೀನು ಒಳ್ಳೆ ಮಳೆ ಅಂದ ವರ್ಷ ಮಳೇನೇ ಇಲ್ಲ" ಅಂದ. ಅವತ್ತಿನಿಂದ ಮಾವನವರು ಡೈರಿ ಮುಟ್ಟಿಲ್ಲ. ಗ್ರಾಫಿನ ಮತ್ತು ಆ ವರ್ಷದ ಪುಟದ ಫೋಟೊ ಕಳಿಸಿದ್ದೇನೆ. ಯಾರ ಮಾತು ಸರಿ?
– ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಮೊದಲು ಮಾವನವರ ಕೈಗೆ ಡೈರಿ ಕೊಡಿ ತಾಯಿ. ಇಷ್ಟು ವರ್ಷದ ಲೆಕ್ಕ ಸುಮ್ನೆ ನಿಲ್ಲಬಾರದು.

ಗ್ರಾಫನ್ನು ದೊಡ್ಡದು ಮಾಡಿ ನೋಡಿದೆ. ಎಡಗಡೆಯ ಅಳತೆ ಸೊನ್ನೆಯಿಂದ ಶುರುವಾಗಿಲ್ಲ, 400 ಮಿ.ಮೀ.ನಿಂದ ಶುರುವಾಗಿದೆ. ಹಾಗಾಗಿ 600 ಬಿದ್ದ ವರ್ಷದ ಕಂಬ, 450 ಬಿದ್ದ ವರ್ಷದ ಕಂಬಕ್ಕಿಂತ ನಾಲ್ಕು ಪಟ್ಟು ಎತ್ತರ ಕಾಣುತ್ತದೆ. ಲೆಕ್ಕ ಹಾಕಿದರೆ 450 ಅಂದರೆ 600ರ ಮುಕ್ಕಾಲು ಭಾಗ. ಮಗನ ಅಂಕಿಗಳೆಲ್ಲ ಸರಿಯಾಗಿಯೇ ಇವೆ, ಕಂಬಗಳ ಬುಡ ಮಾತ್ರ ಕತ್ತರಿಸಿ ಹೋಗಿದೆ. ಕಂಬದ ಗ್ರಾಫಿನಲ್ಲಿ ನಮ್ಮ ಕಣ್ಣು ಅಳೆಯುವುದು ಎತ್ತರವನ್ನೇ. ಅದಕ್ಕೇ ಬುಡ ಸೊನ್ನೆಯಲ್ಲಿ ಇರಬೇಕು. ಇದನ್ನು ಐದು ನಿಮಿಷದಲ್ಲಿ ಸರಿಮಾಡಬಹುದು.

ನಾನು ತುಂಬಾ ಹೊತ್ತು ನೋಡುತ್ತಾ ಕೂತಿದ್ದು ಡೈರಿಯ ಪುಟವನ್ನು. ನೀಲಿ ಶಾಯಿಯಲ್ಲಿ "ಆರಿದ್ರಾ – 9. ಹೆಸರು ಬಾಡಿತು" ಅಂತಿದೆ. ಕೆಳಗೆ "ಮಘಾ – ಮೂರು ಸಲ ಹದ ಮಳೆ. ಶೇಂಗಾ ಬದುಕಿತು" ಅಂತಿದೆ. ಮಾವನವರು ಮಳೆ ನಕ್ಷತ್ರದ ಪ್ರಕಾರ ಲೆಕ್ಕ ಇಟ್ಟಿದ್ದಾರೆ. ಒಂದೊಂದು ಮಳೆಗೆ 13–14 ದಿನ. ಬಿತ್ತುವುದು, ಕಳೆ ತೆಗೆಯುವುದು, ಕೀಳುವುದು ಎಲ್ಲ ಆ ಲೆಕ್ಕದಲ್ಲೇ ನಡೆಯುತ್ತದೆ ಅಲ್ವಾ? ಮಗ ಎಲ್ಲ ಕೂಡಿಸಿ ವರ್ಷಕ್ಕೊಂದು ಕಂಬ ಮಾಡಿದ. ಚಿತ್ತೆಯಲ್ಲಿ ಒಂದೇ ರಾತ್ರಿ ನೂರು ಮಿ.ಮೀ. ಸುರಿದು ಹಳ್ಳ ಸೇರಿದರೂ ಆ ಕಂಬ ಏರುತ್ತದೆ. ಶೇಂಗಾ ಕಾಯಿ ಕಟ್ಟುವಾಗ ನಿಧಾನಕ್ಕೆ 20 ಮಿ.ಮೀ. ಬಿದ್ದರೆ ಕಂಬದಲ್ಲಿ ಗೊತ್ತೇ ಆಗುವುದಿಲ್ಲ. ಒಂದು ಮಿ.ಮೀ. ಮಳೆ ಅಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಆ 20 ಅಂದರೆ 80,000 ಲೀಟರ್, ಅದೂ ಬೇಕಾದ ವಾರದಲ್ಲಿ. ಮಾವನವರು ಒಳ್ಳೆ ಮಳೆ ಅಂದದ್ದು ಇದನ್ನು.

ನಾನೂ ಹೀಗೆ ತಪ್ಪಿದ್ದೇನೆ. ಚಳ್ಳಕೆರೆ ಕಡೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾಗ ಹಾಜರಿಯ ಗ್ರಾಫ್ ಬರೆದು ಗೋಡೆಗೆ ಅಂಟಿಸಿದ್ದೆ. ಅಕ್ಟೋಬರ್ ಕೊನೆಗೆ ಗೆರೆ ದಿಢೀರನೆ ಇಳಿದಿತ್ತು. ಮಕ್ಕಳಿಗೆ ಓದಿನ ಮೇಲೆ ಗಮನ ಇಲ್ಲ ಅಂತ ಎಲ್ಲರ ಮುಂದೆ ಹೇಳಿಬಿಟ್ಟೆ. ಗಂಟೆ ಹೊಡೆಯುವ ಅಣ್ಣ ಆಮೇಲೆ ಹತ್ತಿರ ಬಂದು, "ಮೇಡಂ, ಅದು ಶೇಂಗಾ ಕೀಳೋ ಟೈಮು. ಕೂಲಿ ಕೊಡೋಕಾಗಲ್ಲ ಅಂತ ಮಕ್ಕಳನ್ನೇ ಹೊಲಕ್ಕೆ ಕರ್ಕೊಂಡು ಹೋಗ್ತಾರೆ" ಅಂದರು. ಗ್ರಾಫಿನ ಆ ತಗ್ಗಿನ ಪಕ್ಕ ಪೆನ್ಸಿಲಿನಲ್ಲಿ "ಶೇಂಗಾ" ಅಂತ ಬರೆದೆ. ವಾರದಲ್ಲಿ ಪಾಠದ ಪಟ್ಟಿಯನ್ನೂ ಬದಲಾಯಿಸಿದೆವು.

ಮಗ ಮುಂದಿನ ಸಲ ಬಂದಾಗ ತಾತನ ಪಕ್ಕ ಕೂತು ಇನ್ನೊಂದು ಗ್ರಾಫ್ ಮಾಡಲಿ. ವರ್ಷದ ಬದಲು ಮಳೆಗಳ ಹೆಸರು ಇರಲಿ, ಭರಣಿಯಿಂದ ಸ್ವಾತಿವರೆಗೆ. "ಬಾಡಿತು", "ಬದುಕಿತು" ಅನ್ನುವ ಮಾತುಗಳನ್ನೂ ಆಯಾ ಕಂಬದ ಪಕ್ಕದಲ್ಲೇ ಬರೆಯಲಿ. ಡೈರಿಯ ಎಲ್ಲ ಪುಟಗಳ ಫೋಟೊ ತೆಗೆದಿಡಿ. ಆದರೆ ಡೈರಿಯನ್ನು ಮಾತ್ರ ಎಸೆಯಬೇಡಿ.

ಪ್ರಶ್ನೆ: ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. ಹಾಗಾದರೆ 65 ಅಡಿ ಇದ್ದಾಗ ಅರ್ಧ ನೀರು ಇದೆ ಅಂತ ಅಲ್ವಾ?
– ಓದುಗರು, ಚಿತ್ರದುರ್ಗ

ಉತ್ತರ: ಇಲ್ಲ, ಅರ್ಧಕ್ಕಿಂತ ತುಂಬಾ ಕಡಿಮೆ ಇರುತ್ತದೆ. ತರಗತಿಯಲ್ಲಿ ಇದಕ್ಕೆ ನಾನು ಒಂದು ಬೋಗುಣಿ ಇಡುತ್ತಿದ್ದೆ. ತಳ ಚಿಕ್ಕದು, ಬಾಯಿ ಅಗಲ. ಮೊದಲ ಲೋಟ ಸುರಿದರೆ ನೀರು ಎರಡು ಬೆರಳು ಏರುತ್ತಿತ್ತು. ಬಾಯಿ ಹತ್ತಿರ ಬಂದ ಮೇಲೆ ಅಷ್ಟೇ ಏರಿಸಲು ಐದಾರು ಲೋಟ ಬೇಕಾಗುತ್ತಿತ್ತು. ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆಯೂ ಹಾಗೇ, ಮೇಲೆ ಹೋದಷ್ಟೂ ಅಗಲ. ಅದರ ಪೂರ್ತಿ ನೀರು ಸುಮಾರು 30 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ದೊಡ್ಡ ಪಾಲು ಮೇಲಿನ ಅಡಿಗಳಲ್ಲಿರುತ್ತದೆ. 1933ರಲ್ಲಿ ಕೋಡಿ ಬಿದ್ದ ಕಣಿವೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಆ ಕೊನೆಯ ಅಡಿಗಳಿಗೆ ಎಷ್ಟು ನೀರು ಬೇಕು ಅಂತ ಬೋಗುಣಿ ನೋಡಿದರೆ ಗೊತ್ತಾಗುತ್ತದೆ. ಪೇಪರಿನಲ್ಲಿ ಅಡಿಯ ಪಕ್ಕ ಟಿಎಂಸಿ ಕೊಟ್ಟಿದ್ದರೆ ಅದನ್ನೇ ನೋಡಿ.