ತಕ್ಕಡಿ ಹಿಡಿದವನು ಯಾರು?

ಕಳೆದ ಸಂಚಿಕೆಯಲ್ಲಿ ಬಾಂಟೆನ್ ಬಂದರಿನ ಚೀನೀ ವರ್ತಕರ ಹಳೆಯ ಅಚ್ಚುಚಿತ್ರದ ಕೆಳಗೆ ನಾವು ಆರು ಸಾಲು ವಿವರಣೆ ಕೊಟ್ಟದ್ದು ಶಿವಮೊಗ್ಗದ ಓದುಗರೊಬ್ಬರಿಗೆ ಹಿಡಿಸಿಲ್ಲ. ‘ಚಿತ್ರ ಚೆನ್ನಾಗಿದೆ, ಅಷ್ಟು ಸಾಲದೆ? ಕೊರೆದವರು ಯಾರು, ನಕಲು ಮಾಡಿದವರು ಯಾರು ಎಂಬ ವಂಶಾವಳಿ ಯಾರಿಗೆ ಬೇಕು?’ ಎಂದು ಕೇಳಿದ್ದಾರೆ.

ಮಾನ್ಯರೇ, ಚಿತ್ರವನ್ನು ಕಂಡು ತಾವು ಸಂತೋಷಪಟ್ಟಿರಿ. ಆ ಸಂತೋಷ ನನಗೂ ಇದೆ. ಆದರೆ ವಂಶಾವಳಿ ಬಿಟ್ಟರೆ ಆ ಚಿತ್ರದಲ್ಲಿ ಉಳಿಯುವುದು ತಕ್ಕಡಿ ಹಿಡಿದ, ವಿಚಿತ್ರ ಉಡುಪಿನ ಒಬ್ಬ ಮನುಷ್ಯ ಮಾತ್ರ. 1596ರಲ್ಲಿ ಜಾವಾದ ಬಾಂಟೆನ್‌ಗೆ ಬಂದ ಮೊದಲ ಡಚ್ ಹಡಗುಗಳಲ್ಲಿದ್ದ ಲೋಡೆವೈಕ್ಸ್ ಎಂಬಾತ ಅಲ್ಲಿಯ ಚೀನೀಯರನ್ನು ಕಣ್ಣಾರೆ ಕಂಡಿದ್ದ. ಅವರು ತಕ್ಕಡಿ ಹಿಡಿದು ಒಳನಾಡಿನ ಹಳ್ಳಿಗಳಿಗೆ ಹೋಗಿ, ಬೆಳೆಗಾರರಿಂದ ಮೆಣಸು ತೂಗಿ ಕೊಂಡು, ಚೀನಾದ ಹಡಗುಗಳು ಬರುವ ಹೊತ್ತಿಗೆ ಕೂಡಿಟ್ಟು, ಎಂಟು ಚೀಲ ಕೊಂಡ ಹಣಕ್ಕೆ ಎರಡೇ ಚೀಲ ಮಾರುತ್ತಿದ್ದರೆಂದು, ಈ ಚಿತ್ರ ಮೊದಲು ಬಂದ ತನ್ನ ಪುಸ್ತಕದಲ್ಲಿ ಅವನು ಬರೆದಿದ್ದಾನೆ. ಇದನ್ನು ಓದಿದ ಮೇಲೆ ಆ ತಕ್ಕಡಿ ಬರಿಯ ಅಲಂಕಾರವಾಗಿ ಕಾಣುವುದಿಲ್ಲ. ಒಂದು ಇಡೀ ವ್ಯಾಪಾರವೇ ಅದರಲ್ಲಿ ತೂಗುತ್ತಿರುವುದು ಕಾಣುತ್ತದೆ.

ಅದೇ ಚಿತ್ರವನ್ನು ಕೆಲವೇ ವರ್ಷಗಳಲ್ಲಿ ಫ್ರಾಂಕ್‌ಫರ್ಟಿನ ಡಿ ಬ್ರೈ ಎಂಬ ಅಚ್ಚುಚಿತ್ರಕಾರರ ಮನೆತನದವರು ಮತ್ತೆ ಕೊರೆದರು. ಪೂರ್ವದೇಶವನ್ನೇ ಕಾಣದ ಆ ಕೈಗಳಲ್ಲಿ ಜಾವಾದ ವರ್ತಕರು ಯುರೋಪಿನ ಮೈಕಟ್ಟು ಪಡೆದರು. 1596ರಲ್ಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ಡಚ್ ಪ್ರವಾಸಿ ಲಿನ್‌ಸ್ಕೋಟನ್ನನ ಪುಸ್ತಕದಲ್ಲಿಯೂ ಚೀನೀಯರ ಪಟಗಳಿವೆ. ಆದರೆ ಗೋವೆಯಲ್ಲಿ ಐದು ವರ್ಷವಿದ್ದ ಆ ಮನುಷ್ಯ ಚೀನಾಕ್ಕೆ ಕಾಲಿಡಲೇ ಇಲ್ಲ. ಅದೇ ಪುಸ್ತಕದಲ್ಲಿ ಗೋವೆಯ ಸಾಮಾನ್ಯ ಜನರನ್ನು ‘ಕನಾರಿನ್’ ಎಂದು ಕರೆದಿದೆ. ಹೆಸರು ನಮ್ಮ ಕನ್ನಡನಾಡಿನದು, ಚಿತ್ರದಲ್ಲಿರುವವರು ಕೊಂಕಣಿಗರು! ಚಿತ್ರದ ಕೆಳಗಿನ ಬರಹದ ಬಗ್ಗೆ ಅಸಡ್ಡೆ ಬೇಡವೆಂದು ನಾನು ಹಟ ಹಿಡಿಯುವುದು ಇದಕ್ಕೇ.

ನಾನು ಉಪಸಂಪಾದಕನಾಗಿದ್ದಾಗ ಒಂದು ಪತ್ರಿಕೆಯವರು ಇಂಥದೇ ಬಾಂಟೆನ್ ಪಟದ ಕೆಳಗಿನ ಬರಹವನ್ನು ಜಾಗ ಸಾಲದೆಂದು ಕತ್ತರಿಸಿ, ‘ಪ್ರಾಚೀನ ಚೀನಾದ ಜನಜೀವನ’ ಎಂದು ಹಾಕಿದರು. ಜಾವಾ ಚೀನಾವಾಯಿತು, ಹದಿನಾರನೆಯ ಶತಮಾನ ಪ್ರಾಚೀನವಾಯಿತು. ಆಕ್ಷೇಪಿಸಿ ಒಬ್ಬರೂ ಪತ್ರ ಬರೆಯಲಿಲ್ಲವೆಂಬುದು ನನಗೆ ಇಂದಿಗೂ ನೋವು. ಕನ್ನಡದಲ್ಲಿ ಒಂದು ಪದ ತಪ್ಪಿದರೆ ಹತ್ತು ಪತ್ರ ಬರುತ್ತವೆ. ಚಿತ್ರವನ್ನು ಮಾತ್ರ ನಾವು ಪುಟ ತುಂಬುವ ಸಾಮಗ್ರಿಯೆಂದೇ ಬಗೆದಿದ್ದೇವೆ.

ಮುಂದಿನ ಸಂಚಿಕೆಯಲ್ಲಿ ಡಚ್ ರಾಯಭಾರಿಗಳೊಡನೆ ಪೀಕಿಂಗ್‌ಗೆ ಹೋದ ನ್ಯೂಹಾಫನ 1665ರ ಪುಸ್ತಕದಿಂದ ಒಂದು ಪಟ ಬರಲಿದೆ. ಅವನ ಮೂಲ ರೇಖಾಚಿತ್ರಗಳ ಹಸ್ತಪ್ರತಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ; ಅದರೊಡನೆ ಹೋಲಿಸಿದರೆ ಅವನು ಬಿಡಿಸದೇ ಇದ್ದ ಮರಗಳೂ ಮನುಷ್ಯರೂ ಅಚ್ಚಿನಲ್ಲಿ ಸೇರಿಕೊಂಡಿರುವುದು ಗೊತ್ತಾಗುತ್ತದೆ. ಅದನ್ನೆಲ್ಲ ಹೇಳಲು ಎಂಟು ಸಾಲು ಬೇಕು. ದಯವಿಟ್ಟು ಮೊದಲು ಅವನ್ನು ಓದಿ, ಆಮೇಲೆ ಚಿತ್ರ ನೋಡಿ.