ಮಣಿ ಕಸೂತಿ ಒಡವೆ: ಕಲ್ಲು ಯಾಕೆ ಬೀಳುತ್ತೆ, ಬಣ್ಣ ಯಾಕೆ ಹೋಗುತ್ತೆ, ರೇಟ್ ಎಷ್ಟು ಹೇಳ್ಬೇಕು

ಈ ಸಲ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಿಂದ ಮಣಿ ಕಸೂತಿ ಒಡವೆ ಬಗ್ಗೆನೇ ಜಾಸ್ತಿ ಪ್ರಶ್ನೆ ಬಂದಿವೆ. ಹೊಸಬರಿಗೆ ಒಂದು ಮಾತು ಹೇಳ್ಬಿಡ್ತೀನಿ, ದಾರಕ್ಕೆ ಮಣಿ ಪೋಣಿಸಿ ಸರ ಮಾಡೋದು ಬೇರೆ, ಇದು ಬೇರೆ. ಇಲ್ಲಿ ಗಟ್ಟಿ ಬಟ್ಟೆ ಮೇಲೆ ಸಣ್ಣ ಗಾಜಿನ ಮಣಿಗಳನ್ನ ಸೂಜಿಯಿಂದ ಹೊಲಿದು, ನಡುವೆ ಕಲ್ಲು ಕೂರಿಸಿ, ಹಿಂದೆ ಲೆದರ್ ಅಥವಾ ಸ್ವೀಡ್ (ಮಖಮಲ್ ತರ ಮೆತ್ತಗಿರೋ ಲೆದರ್) ಕೊಟ್ಟು ಪದಕ, ನೆಕ್ಲೆಸ್, ಓಲೆ, ಬ್ರೋಚ್ ಮಾಡ್ತಾರೆ.

ಪ್ರಶ್ನೆ: ಅಕ್ಕಾ, ನಾನು ಬ್ಲೌಸಿಗೆ ಆರಿ ವರ್ಕ್ ಮಾಡ್ತೀನಿ, ಕೈ ಚೆನ್ನಾಗಿ ಪಳಗಿದೆ. ಮೊನ್ನೆ ಒಂದು ದೊಡ್ಡ ಕಲ್ಲಿನ ಪದಕ ಮಾಡ್ಕೊಟ್ಟೆ, ಮದ್ವೆ ಮನೇಲೇ ಕಲ್ಲು ಉದುರಿ ಹೋಯ್ತಂತೆ. ಯಾವ ಗಮ್ ಹಾಕಿದ್ರೆ ಗಟ್ಟಿ ನಿಲ್ಲುತ್ತೆ? (ವಿದ್ಯಾನಗರ, ದಾವಣಗೆರೆ)

ನೋಡ್ರಿ, ಕಲ್ಲನ್ನ ಹಿಡ್ಕೊಳ್ಳೋ ಕೆಲಸ ಗಮ್ಮಿಂದೇ ಅಲ್ಲ. ನೀವು ಹೊಲಿಯೋವಾಗ ಕಲ್ಲು ಜಾರಬಾರ್ದು ಅಷ್ಟಕ್ಕೆ ಮಾತ್ರ ಗಮ್ ಬೇಕು, ಆಮೇಲೆ ಕಲ್ಲು ನಿಲ್ಲೋದು ಸುತ್ತ ಕಟ್ಟೋ ಮಣಿ ಗೂಡಿನಿಂದ. ಗೂಡು ಸರಿ ಇದ್ರೆ ಗಮ್ ಪೂರ್ತಿ ಬಿಟ್ಟುಹೋದ್ರೂ ಕಲ್ಲು ಹೊರಗೆ ಬರಲ್ಲ. ಇನ್‌ಸ್ಟಂಟ್ ಗ್ಲೂ ಹಾಕಿದ್ರಂತೂ ಅದು ಒಣಗಿ ಪೆಡಸಾಗುತ್ತೆ, ಮೈ ಬಾಗಿದಾಗ ಪದಕನೂ ಸ್ವಲ್ಪ ಬಾಗುತ್ತೆ ಅಲ್ವಾ, ಆಗ ಪಟ್ ಅಂತ ಬಿಡುತ್ತೆ, ಸಾಲದ್ದಕ್ಕೆ ಕಲ್ಲಿನ ಸುತ್ತ ಬಿಳಿ ಮಂಜು ಕೂರುತ್ತೆ. ಒಣಗಿದ ಮೇಲೂ ರಬ್ಬರ್ ತರ ಮೆತ್ತಗೆ ಇರೋ ಅಂಟು ತಗೊಳ್ಳಿ, ಅದನ್ನೂ ಕಲ್ಲಿನ ನಡುಭಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಅಂಚಿನ ತನಕ ಹಚ್ಚಿದ್ರೆ ಸೂಜಿ ಇಳಿಯಲ್ಲ.

ಈಗ ಗೂಡು ಕಟ್ಟೋದು ಹೇಗೆ ಅಂತ ಹೇಳ್ತೀನಿ, ನಿಧಾನವಾಗಿ ಓದಿ. ಕಾಲರ್ ಕ್ಯಾನ್ವಾಸ್ ಎರಡು ಪದರ ಅಥವಾ ದಪ್ಪ ಫೆಲ್ಟ್ ತಗೊಂಡು, ಡಿಸೈನ್‌ಗಿಂತ ಸುತ್ತಲೂ ಒಂದಿಂಚು ಜಾಸ್ತಿ ಬಿಟ್ಟು ಕತ್ತರಿಸಿ, ತಳ ಸಪಾಟಾಗಿರೋ ಕಲ್ಲನ್ನ ನಡುವೆ ಅಂಟಿಸಿ, ಪೂರ್ತಿ ಒಣಗಲಿ ಬಿಡಿ. ಆಮೇಲೆ ಕಲ್ಲಿಗೆ ತಾಗಿಸಿ 11 ನಂಬರ್ ಮಣಿಯಲ್ಲಿ (ನಂಬರ್ ಲೆಕ್ಕ ಮುಂದಿನ ಪ್ರಶ್ನೇಲಿ ಹೇಳಿದ್ದೀನಿ) ಒಂದು ಸುತ್ತು ಹಿಂಹೊಲಿಗೆ ಹಾಕಿ: ನಾಲ್ಕು ಮಣಿ ತಗೊಂಡು ಬಟ್ಟೆ ಮೇಲೆ ಮಲಗಿಸಿ ಕೆಳಗೆ ಇಳಿಸಿ, ಎರಡು ಮಣಿ ಹಿಂದೆ ಬಂದು ಮೇಲೆ ಎದ್ದು, ಕೊನೆಯ ಎರಡು ಮಣಿಯೊಳಗೆ ಮತ್ತೆ ದಾರ ಹಾಯ್ಸಿ, ಹಿಂಗೇ ಮುಂದೆ ಹೋಗೋದು. ಸುತ್ತು ಮುಗಿದಾಗ ಮಣಿಗಳ ಸಂಖ್ಯೆ ಸಮ ಸಂಖ್ಯೆ ಆಗಿರ್ಬೇಕು, ಒಂದು ಕಮ್ಮಿ ಬಿದ್ರೆ ಜಾಗ ಸ್ವಲ್ಪ ಸಡಿಲಿಸಿ ಸೇರಿಸ್ಕೊಳ್ಳಿ. ಇಡೀ ಸುತ್ತಿನೊಳಗೆ ಇನ್ನೊಂದ್ಸಲ ದಾರ ಓಡ್ಸಿ, ಮಣಿಗಳು ಒಂದೇ ಸಾಲಿಗೆ ಬರ್ತಾವೆ. ಇದರ ಮೇಲೆ ಪೆಯೋಟಿ ಹೊಲಿಗೆ, ಅಂದ್ರೆ ಒಂದು ಮಣಿ ತಗೊಂಡು, ಕೆಳಗಿನ ಸಾಲಿನ ಒಂದು ಮಣಿ ಬಿಟ್ಟು ಅದರ ಮುಂದಿನದ್ರಲ್ಲಿ ಸೂಜಿ ಹಾಯ್ಸೋದು. ಪ್ರತಿ ಸುತ್ತಿನ ಕೊನೇಲಿ ಆ ಸುತ್ತಿನ ಮೊದಲ ಮಣಿಯೊಳಗೂ ಸೂಜಿ ತೂರಿಸಿ ಮೇಲಿನ ಸಾಲಿಗೆ ಹತ್ಬೇಕು, ಇದನ್ನ ಮರೆತ್ರೆ ಗೂಡು ಸೊಟ್ಟ ಹೋಗುತ್ತೆ. ಕಲ್ಲಿನ ಎತ್ತರ ನೋಡ್ಕೊಂಡು ಎರಡೋ ಮೂರೋ ಸುತ್ತು ಏರ್ಸಿ, ಕೊನೆಯ ಒಂದೆರಡು ಸುತ್ತಿಗೆ 15 ನಂಬರ್ ಮಣಿ ಹಾಕಿ ದಾರ ಬಿಗಿಯಾಗಿ ಎಳೀರಿ. ಮಣಿ ಸಣ್ಣದಾಗಿದ್ದಕ್ಕೆ ಸುತ್ತಳತೆ ಕಮ್ಮಿಯಾಗಿ ಗೂಡಿನ ಬಾಯಿ ಒಳಗೆ ಬಾಗಿ ಕಲ್ಲಿನ ಭುಜದ ಮೇಲೆ ಕೂರುತ್ತೆ. ಕಲ್ಲು ಉಳಿಯೋದು ಇದರಿಂದ್ಲೇ.

ಆರಿ ಕಲಿತವರಿಗೆ ಇನ್ನೊಂದು ವಿಷಯ ಹೇಳ್ಲೇಬೇಕು. ಆರಿ ಸೂಜಿಯದ್ದು ಸರಪಳಿ ಹೊಲಿಗೆ, ಒಂದೇ ದಾರ ಕುಣಿಕೆ ಕುಣಿಕೆಯಾಗಿ ಹೋಗೋದು, ತುದಿ ಬಿಚ್ಕೊಂಡ್ರೆ ಸರ್ ಅಂತ ಸಾಲೇ ಬಿಚ್ಕೊಳ್ಳುತ್ತೆ. ಬ್ಲೌಸಿನ ಹಿಂದೆ ಲೈನಿಂಗ್ ಇರುತ್ತೆ, ಬ್ಲೌಸನ್ನ ವರ್ಷಕ್ಕೆ ನಾಲ್ಕು ಸಲ ಉಡೋದು, ಅಲ್ಲಿ ನಡೆಯುತ್ತೆ. ಒಡವೆ ಹಂಗಲ್ಲ, ಕತ್ತಿಗೆ ಕೂದಲಿಗೆ ಸೆರಗಿಗೆ ದಿನಾ ಉಜ್ಜುತ್ತೆ. ಹಾಗಾಗಿ ನಡುವಿನ ಹೂ ಬಳ್ಳಿ ತುಂಬಕ್ಕೆ ಆರಿ ಬಳಸ್ಕೊಳ್ಳಿ ಬೇಕಾದ್ರೆ, ಕಲ್ಲಿನ ಸುತ್ತು ಮತ್ತು ಹೊರ ಅಂಚು ಮಾತ್ರ ಮಣಿ ಸೂಜಿಯಲ್ಲಿ ಹಿಂಹೊಲಿಗೆನೇ ಆಗ್ಬೇಕು.

ಮುಗಿದ ಮೇಲೆ ಮಣಿಗಳಿಂದ ಎರಡು ಮಿಲಿಮೀಟರ್ ಬಿಟ್ಟು ಬಟ್ಟೆ ಕತ್ತರಿಸಿ, ಹಿಂದಿನ ದಾರಕ್ಕೆ ಕತ್ತರಿ ತಾಗಬಾರ್ದು. ಒಳಗೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ, ಅದು ಅಂಚಿಗಿಂತ ಒಂಚೂರು ಒಳಗಿರ್ಲಿ, ಇಲ್ಲಾಂದ್ರೆ ಸೂಜಿಗೆ ಅಡ್ಡ ಬರುತ್ತೆ. ಹಿಂದೆ ಸ್ವೀಡ್ ಅಂಟಿಸಿ ಸುತ್ತಲೂ ಅಂಚು ಹೊಲಿಗೆ: ಒಂದು ಮಣಿ ತಗೊಂಡು ಹಿಂದಿನಿಂದ ಎರಡೂ ಪದರ ಸೇರಿಸಿ ಮುಂದಕ್ಕೆ ಚುಚ್ಚಿ, ಅದೇ ಮಣಿಯೊಳಗೆ ಕೆಳಗಿನಿಂದ ಮೇಲೆ ಸೂಜಿ ತೂರಿಸಿ ಎಳೀರಿ. ಓಲೆ ಆದ್ರೆ ಸ್ಟಡ್ಡಿನ ಕಡ್ಡಿಯನ್ನ ಸ್ವೀಡ್‌ನಲ್ಲಿ ತೂತು ಮಾಡಿ ಮೊದ್ಲೇ ಹೊರಗೆ ತಂದ್ಕೊಂಡು ಆಮೇಲೆ ಅಂಚು ಹೊಲೀರಿ.

ಪ್ರಶ್ನೆ: ಮೇಡಂ, ಲಕ್ಷ್ಮೀ ಬಜಾರಲ್ಲಿ ಮಣಿ ಕೇಳಿದ್ರೆ "ಯಾವ ನಂಬರ್" ಅಂತಾರೆ. ಈ ನಂಬರ್ ಲೆಕ್ಕ ಏನು? ಜಪಾನ್ ಮಣಿನೇ ಬೇಕಾ? (ಚಿತ್ರದುರ್ಗ)

ನಂಬರ್ ದೊಡ್ಡದಾದಷ್ಟು ಮಣಿ ಸಣ್ಣದು. 6 ನಂಬರ್ ಸುಮಾರು 4 ಮಿಲಿಮೀಟರ್, 8 ನಂಬರ್ ಸುಮಾರು 3, 11 ನಂಬರ್ 2ರ ಆಸುಪಾಸು, 15 ನಂಬರ್ ಒಂದೂವರೆ. ಪ್ಯಾಕೆಟ್ ಮೇಲೆ 11/0 ಅಂತ ಬರ್ದಿರುತ್ತೆ. ಕಲಿಯೋಕೆ 11 ಸಾಕು, ಗೂಡಿನ ಬಾಯಿಗೆ ಸ್ವಲ್ಪ 15 ಇರ್ಲಿ. 11 ನಂಬರ್ ಗುಂಡು ಮಣಿ ಸಾಲಾಗಿ ಇಟ್ರೆ ಇಂಚಿಗೆ 18 ಬರುತ್ತೆ, ಗ್ರಾಂಗೆ ನೂರಾ ಹತ್ತರ ಹತ್ರ ಸಿಗುತ್ತೆ, ಎಷ್ಟು ಕೊಳ್ಬೇಕು ಅನ್ನೋ ಲೆಕ್ಕ ಇದರಿಂದ ಹಾಕ್ಬಹುದು.

ಮಿಯುಕಿ, ತೊಹೊ ಜಪಾನಿನವು, ಒಂದರ ಹಾಗೆ ಇನ್ನೊಂದು ಇರ್ತಾವೆ, ತೂತೂ ದೊಡ್ಡದು, ಗೂಡು ಕಟ್ಟೋಕೆ ಅವೇ ಚೆಂದ. ಪ್ರೆಸಿಯೋಸಾ ಜೆಕ್ ದೇಶದ್ದು, ಸ್ವಲ್ಪ ಚಪ್ಪಟೆ ಗುಂಡು, ಬಟ್ಟೆ ಮೇಲೆ ಮಲಗಿಸಿ ಹೊಲಿಯೋ ಸಾಲಿಗೆ ನನಗೆ ಅದೇ ಇಷ್ಟ. ನಮ್ಮ ದೇಶದ ಮಣಿ ಅಗ್ಗ, ಆದ್ರೆ ಒಂದೇ ಪ್ಯಾಕೆಟಲ್ಲಿ ದಪ್ಪ, ತೆಳು, ತೂತು ಮುಚ್ಚಿದ್ದು ಎಲ್ಲಾ ಬೆರೆತಿರ್ತಾವೆ. ಬಿಳಿ ತಟ್ಟೇಲಿ ಸುರ್ಕೊಂಡು ಆರಿಸ್ಕೊಂಡ್ರೆ ಅವನ್ನೂ ಧಾರಾಳವಾಗಿ ಬಳಸ್ಬಹುದು, ಬೇಡ ಅನ್ನಲ್ಲ. ತೂತಿನ ಅಂಚು ಹರಿತವಾಗಿ ಒಡ್ದಿರೋ ಮಣಿ ಮಾತ್ರ ಮುಲಾಜಿಲ್ದೆ ಬಿಸಾಕಿ, ಅದು ದಾರವನ್ನ ಒಳಗೊಳಗೇ ಕೊಯ್ಯುತ್ತೆ. ಸೂಜಿ 10 ಅಥವಾ 12 ನಂಬರ್ ಮಣಿ ಸೂಜಿ. ದಾರ ನೈಲಾನ್ ಅಥವಾ ಗಟ್ಟಿ ಪಾಲಿಯೆಸ್ಟರ್, ಕಾಟನ್ ಮಿಷಿನ್ ದಾರ ಬೇಡ್ವೇ ಬೇಡ. ಒಂದು ಮೀಟರ್‌ಗಿಂತ ಉದ್ದ ತಗೋಬೇಡಿ, ಜೇನುಮೇಣ ಸವರಿಕೊಂಡ್ರೆ ಗಂಟು ಕಮ್ಮಿ.

ಪ್ರಶ್ನೆ: ಗೋಲ್ಡ್ ಕಲರ್ ಮಣಿ ಹಾಕಿ ಮಾಡಿದ ನೆಕ್ಲೆಸ್ ಎರಡೇ ತಿಂಗ್ಳಲ್ಲಿ ಬೂದು ಬಣ್ಣ ಆಯ್ತು, ಪಿಂಕ್ ಮಣಿ ಬಿಳಿ ಆಯ್ತು. ಅಂಗಡಿಯೋರು ಮೋಸ ಮಾಡಿದ್ರಾ? (ಹರಿಹರ)

ಮೋಸ ಅಂತ ಹೇಳೋಕಾಗಲ್ಲ, ಬಣ್ಣ ಕೊಡೋ ರೀತಿಯಲ್ಲೇ ವ್ಯತ್ಯಾಸ ಇರುತ್ತೆ. ಕೆಲವು ಮಣಿಗಳಲ್ಲಿ ಗಾಜೇ ಬಣ್ಣದ್ದು, ಕಪ್ಪು, ಬಿಳಿ, ಇಟ್ಟಿಗೆ ಕೆಂಪು, ಕಡು ಹಸಿರು, ಜೇನು ಬಣ್ಣ ಸಾಮಾನ್ಯವಾಗಿ ಹಿಂಗೇ ಬರೋದು, ಅವು ಎಷ್ಟು ವರ್ಷ ಆದ್ರೂ ಹಾಗೇ ಇರ್ತಾವೆ. ಗಾಢ ಪಿಂಕ್, ನೇರಳೆ ಬಹಳಷ್ಟು ಮೇಲಿಂದ ಬಳಿದ ಬಣ್ಣ, ಬಿಸಿಲಿಗೆ ಹೋಗುತ್ತೆ. ಗೋಲ್ಡ್, ಸಿಲ್ವರ್ ಮಣಿಗೆ ಲೋಹದ ತೆಳು ಲೇಪ ಇರುತ್ತೆ, ಬೆವರು, ಸೆಂಟು, ಪೌಡರು ಬಿದ್ದು ಉಜ್ಜಿ ಉಜ್ಜಿ ಸವೆಯುತ್ತೆ. ಮಿಯುಕಿಯವರ ಡ್ಯುರಾಕೋಟ್, ತೊಹೊದವರ ಪರ್ಮಾಫಿನಿಶ್ ಅಂತ ಗಟ್ಟಿ ಲೇಪದ್ದು ಬರ್ತಾವೆ, ದುಡ್ಡು ಜಾಸ್ತಿ, ಆದ್ರೆ ಮಾರೋ ಒಡವೆಗೆ ಗೋಲ್ಡ್ ಬೇಕೇ ಬೇಕು ಅಂದ್ರೆ ಅವನ್ನೇ ಹಾಕಿ.

ಹೊಸ ಪ್ಯಾಕೆಟ್ ತಂದ ತಕ್ಷಣ ಹತ್ತು ಮಣಿನ ನೇಲ್ ಪಾಲಿಶ್ ರಿಮೂವರಲ್ಲಿ ಹಾಕಿಡಿ, ರಿಮೂವರಿಗೆ ಬಣ್ಣ ಇಳಿದ್ರೆ ಅದು ಮೇಲಿಂದ ಬಳಿದ ಬಣ್ಣ ಅಂತ ಗೊತ್ತಾಯ್ತಲ್ಲ. ಇನ್ನು ಹತ್ತು ಮಣಿ ದಾರಕ್ಕೆ ಪೋಣ್ಸಿ, ಅರ್ಧಕ್ಕೆ ದಪ್ಪ ಕಾಗದ ಸುತ್ತಿ ಕಿಟಕಿ ಬಿಸಿಲಿಗೆ ಕಟ್ಟಿ, ನಮ್ಮ ಕಡೆ ಏಪ್ರಿಲ್ ಬಿಸಿಲಿಗಿಂತ ದೊಡ್ಡ ಪರೀಕ್ಷೆ ಬೇಕಾ, ಕೆಲವು ವಾರ ಬಿಟ್ಟು ಕಾಗದ ಬಿಚ್ಚಿ ಎರಡೂ ಅರ್ಧ ಪಕ್ಕಪಕ್ಕ ನೋಡಿ.

ಪ್ರಶ್ನೆ: ನಾವು ಲಂಬಾಣಿಯರು. ಅಜ್ಜಿಯ ಹಳೇ ಕಾಂಚಳಿ (ನಮ್ಮ ಹೆಂಗಸರ ಕಸೂತಿ ರವಿಕೆ) ಒಂದಿದೆ, ಕನ್ನಡಿ, ಮಣಿ, ಕವಡೆ ಎಲ್ಲಾ ಇದೆ, ಬಟ್ಟೆ ಅಲ್ಲಲ್ಲಿ ಹರಿದಿದೆ. ಕತ್ತರಿಸಿ ನೆಕ್ಲೆಸ್ ಮಾಡಿದ್ರೆ ಚೆನ್ನಾಗಿ ಮಾರಾಟ ಆಗುತ್ತೆ ಅಂತ ಫ್ರೆಂಡ್ಸ್ ಹೇಳ್ತಾರೆ. (ನ್ಯಾಮತಿ ತಾಲ್ಲೂಕು)

ದಯವಿಟ್ಟು ಕತ್ತರಿಸ್ಬೇಡಮ್ಮ. ನಿನ್ನ ಪ್ರಶ್ನೆ ಓದಿದಾಗಿಂದ ಅದೇ ತಲೇಲಿದೆ. ಆ ಕಾಂಚಳಿ ಹೊಲಿದ ಕೈ ಇನ್ನೊಂದು ಹೊಲಿಯಲ್ಲ, ನೀನು ಅದರಿಂದ ಮಾಡೋ ನಾಲ್ಕು ನೆಕ್ಲೆಸ್ಸಿನ ದುಡ್ಡು ನಾಲ್ಕು ತಿಂಗ್ಳಿಗೆ ಖರ್ಚಾಗುತ್ತೆ. ಬದಲಿಗೆ ಅದನ್ನ ಬಿಡಿಸಿಟ್ಟು ಹಗಲು ಬೆಳಕಲ್ಲಿ ಮುಂದೆ ಹಿಂದೆ ಫೋಟೋ ತೆಗಿ, ಹಿಂಭಾಗದ್ದು ಮುಖ್ಯ, ಯಾವ ಹೊಲಿಗೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಅಲ್ಲೇ ಕಾಣೋದು. ತಾಂಡಾದಲ್ಲಿ ಇನ್ನೂ ಸೂಜಿ ಹಿಡಿಯೋ ಹಿರಿಯರು ಇದ್ರೆ ಅವರ ಪಕ್ಕ ಕೂತು ಕನ್ನಡಿ ಕೂರಿಸೋದು, ಕವಡೆ ಕಟ್ಟೋದು ಕಲಿ, ಹೊಲಿಗೆಗೆ ಅವರು ಹೇಳೋ ಹೆಸರುಗಳನ್ನ ಬರ್ಕೋ. ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಿನ್ನ ತಾಲ್ಲೂಕಲ್ಲೇ ಇದೆ, ಜಯಂತಿಗೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಎಷ್ಟು ಬಗೆಯ ಕೆಲಸ ನೋಡೋಕೆ ಸಿಗುತ್ತೆ ಅಲ್ಲಿ.

ಮಾರಾಟ ಆಗಲ್ಲ ಅಂತ ಹೆದರ್ಬೇಡ. ಸಂಡೂರು ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ, ಅಂದ್ರೆ ಆ ಕಡೆಯ ಕೆಲಸಕ್ಕೆ ಮಾತ್ರ ಆ ಹೆಸರು ಅನ್ನೋ ಸರ್ಕಾರಿ ಗುರುತು, 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆ ಹೊತ್ತಿಗೆ 1755 ಲಂಬಾಣಿ ಕಸೂತಿ ವಸ್ತುಗಳನ್ನ ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆನೂ ಆಯ್ತು. ಸಂಡೂರಿನ ಹೆಸರು ನಿನ್ನ ಕೆಲಸಕ್ಕೆ ಹಾಕೋ ಹಾಗಿಲ್ಲ, ಆದ್ರೆ ಅಜ್ಜಿಯ ಹೊಲಿಗೆ ನಿಂದೇ. ಹೊಸ ಬಟ್ಟೆ, ಹೊಸ ದಾರದಲ್ಲಿ ಅದೇ ಹೊಲಿಗೆ ಹಾಕಿ, ನಡುವೆ ಕಲ್ಲಿನ ಬದ್ಲು ಕನ್ನಡಿ ಕೂರಿಸಿ ಸಣ್ಣ ಪದಕ ಮಾಡು. ಕನ್ನಡಿಗೂ ಮೇಲೆ ಹೇಳಿದ ಮಣಿ ಗೂಡೇ, ಹಿಂಹೊಲಿಗೆ ಮೇಲೆ ಒಂದೇ ಸುತ್ತು ಏರ್ಸಿದ್ರೆ ಸಾಕಾಗುತ್ತೆ, ಕನ್ನಡಿ ತೆಳ್ಳಗಿರುತ್ತಲ್ಲ. ಕಾಂಚಳಿಯನ್ನ ಹಳೇ ಕಾಟನ್ ಸೀರೆಯಲ್ಲಿ ಸುತ್ತಿಡು, ಪ್ಲಾಸ್ಟಿಕ್ ಕವರಲ್ಲಿ ಬೇಡ, ಮಡಿಕೆ ಆಗಾಗ ಬದಲಿಸು.

ಪ್ರಶ್ನೆ: ಮೊಳಕಾಲ್ಮೂರು ಸೀರೆಗೆ ಮ್ಯಾಚಿಂಗ್ ಓಲೆ ಮಾಡಿದೆ, ಮದುಮಗಳು ಕಿವಿ ಎಳೆಯುತ್ತೆ ಅಂದ್ಲು. (ಚಳ್ಳಕೆರೆ)

ಗಾಜು ಭಾರನೇ. ಒಂದು ಕಿವಿಗೆ 10 ಗ್ರಾಂ ದಾಟಿಸ್ಬೇಡಿ ಅನ್ನೋದು ನನ್ನ ಲೆಕ್ಕ. ಗಾಜಿನ ಕಲ್ಲಿನ ಜಾಗಕ್ಕೆ ಹಗುರ ಇರೋ ರೆಸಿನ್ ಕಲ್ಲು ಹಾಕಿ, ಕೆಳಗೆ ತೂಗಾಡೋ ಮುತ್ತು ಪ್ಲಾಸ್ಟಿಕ್‌ದಾದ್ರೂ ಯಾರಿಗೂ ಕಾಣಲ್ಲ, ಆಮೇಲೆ ಕೂದಲಿಗೆ ಸಿಕ್ಕಿಸೋ ಮಾಟಿ ಒಂದು ಸೇರಿಸಿ. ಬಣ್ಣ ಹೊಂದಿಸೋಕೆ ಫೋನಲ್ಲಿ ಫೋಟೋ ತೋರ್ಸಿ ಮಣಿ ಕೊಳ್ಬೇಡಿ, ರೇಷ್ಮೆ ಬಣ್ಣ ಫೋಟೋದಲ್ಲಿ ಬೇರೆನೇ ಕಾಣುತ್ತೆ, ಬ್ಲೌಸ್ ಪೀಸ್ ತಗೊಂಡು ಅಂಗಡಿ ಹೊರಗೆ ಬೆಳಕಿಗೆ ಹಿಡಿದು ನೋಡಿ.

ಪ್ರಶ್ನೆ: "ಮಣಿ ಸರಕ್ಕೆ ಸಾವಿರ ರೂಪಾಯಾ, ಜಾತ್ರೇಲಿ ನೂರಕ್ಕೆ ಸಿಗುತ್ತೆ" ಅಂತಾರೆ. ರೇಟ್ ಹೆಂಗೆ ಹೇಳ್ಲಿ? (ಪಿ.ಜೆ. ಬಡಾವಣೆ, ದಾವಣಗೆರೆ)

ಜಾತ್ರೆಯದ್ದು ಅಚ್ಚಿನಲ್ಲಿ ಮಾಡಿ ಅಂಟಿಸಿದ್ದು, ನಿಮ್ಮದು ಹೊಲಿದಿದ್ದು. ಇಬ್ಬರದ್ದೂ ದುಡಿಮೆನೇ, ಆದ್ರೆ ಹೋಲಿಕೆ ಮಾಡೋ ವಸ್ತು ಅಲ್ಲ. ಶುರು ಮಾಡೋ ಮುಂಚೆ ಮಣಿ ಡಬ್ಬಿ ತೂಗಿ, ಮುಗಿದ ಮೇಲೆ ಮತ್ತೆ ತೂಗಿ, ವ್ಯತ್ಯಾಸದ ಗ್ರಾಂಗೆ ದುಡ್ಡು ಹಾಕಿ. ಗಂಟೆ ಬರ್ದಿಡಿ. ಉದಾಹರಣೆಗೆ ಒಂದು ಪದಕಕ್ಕೆ 9 ಗಂಟೆ, ಗಂಟೆಗೆ 80 ರೂಪಾಯಿ ಅಂತ ಇಟ್ರೆ ಕೂಲಿನೇ 720, ಮಣಿ ಕಲ್ಲು 250, ದಾರ ಸ್ವೀಡ್ ಹುಕ್ಕು 60, ಅಲ್ಲಿಗೆ 1030 ಆಯ್ತು, ಇನ್ನೂ ಲಾಭ ಸೇರಿಸಿಲ್ಲ. ಬಹಳ ಹೆಣ್ಮಕ್ಕಳು ಸಾಮಾನಿನ ದುಡ್ಡು ಮಾತ್ರ ಎಣಿಸಿ ಕೂಲಿ ಬಿಟ್ಬಿಡ್ತಾರೆ, "ಮನೇಲಿ ಕೂತು ಮಾಡಿದ್ದು ತಾನೇ" ಅಂತ. ನನಗೆ ಇದು ತುಂಬಾ ಬೇಜಾರಿನ ವಿಷಯ, ಮನೇಲಿ ಕೂತ್ರೂ ಕಣ್ಣು ಬೆನ್ನು ನಿಮ್ಮದೇ ಅಲ್ವಾ.

ಗಿರಾಕಿಗೆ ಮುಂಭಾಗ ತೋರ್ಸಿ ಸುಮ್ಮನಾಗ್ಬೇಡಿ, ಪದಕ ಮಗುಚಿ ಅಂಚು ಹೊಲಿಗೆ ತೋರ್ಸಿ, ಕಲ್ಲನ್ನ ಬೆರಳಿಂದ ಅಲ್ಲಾಡ್ಸೋಕೆ ಹೇಳಿ. ಇನ್ನು ಮಣಿ ಅಂದ್ರೆ ಕೀಳು ಅನ್ನೋ ಮಾತಿಗೆ ನಮ್ಮ ನೆಲದಲ್ಲೇ ಉತ್ತರ ಇದೆ. 1947ರಲ್ಲಿ ಪುರಾತತ್ವ ತಜ್ಞ ವೀಲರ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಹಳೇ ಕಾಲದ ಮಡಕೆ, ಸಮಾಧಿಗಳ ಜೊತೆ ಮಣಿಗಳೂ ಸಿಕ್ಕಿವೆ, ಅಷ್ಟು ಹಿಂದಿನವರೂ ಇಷ್ಟಪಟ್ಟು ಹಾಕ್ಕೊಂಡಿದ್ದು ಇದನ್ನೇ. ಇದನ್ನೇ ಕಸುಬು ಮಾಡ್ಕೊಳ್ಳೋದಾದ್ರೆ, ಸಣ್ಣ ಉದ್ದಿಮೆಗಳಿಗೆ ಅಂತ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಆನ್‌ಲೈನಲ್ಲೇ ಆಗುತ್ತೆ, ದುಡ್ಡು ಕೇಳೋರ ಹತ್ರ ಹೋಗ್ಬೇಡಿ. ಕೇಂದ್ರದ ಕರಕುಶಲ ಇಲಾಖೆ ಕುಶಲಕರ್ಮಿಗಳಿಗೆ ಕೊಡೋ ಪೆಹಚಾನ್ ಗುರುತಿನ ಕಾರ್ಡಿಗೂ ಅರ್ಜಿ ಹಾಕಿ ನೋಡಿ.

ಪ್ರಶ್ನೆ: ಮಾರಿದ ಪದಕದ ಅಂಚಿನ ಮಣಿ ಉದುರ್ತಿದೆ ಅಂತ ವಾಪಸ್ ಬಂದಿದೆ. ಪೂರ್ತಿ ಬಿಚ್ಬೇಕಾ? (ಹೊಳಲ್ಕೆರೆ)

ಬೇಡ. ಕಿತ್ತು ಹೋದ ಜಾಗದ ಎರಡೂ ಕಡೆ ಐದಾರು ಮಣಿ ಬಿಚ್ಚಿ, ದಾರದ ತುದಿ ಬಟ್ಟೆಯ ಎರಡು ಪದರದ ನಡುವೆ ಗಂಟು ಹಾಕಿ ಅಡಗಿಸಿ. ಹೊಸ ದಾರವನ್ನ ಗಟ್ಟಿ ಇರೋ ಮಣಿಗಳಿಂದ್ಲೇ ಶುರು ಮಾಡಿ, ಖಾಲಿ ಜಾಗ ತುಂಬಿ, ಆ ಕಡೆಯ ಗಟ್ಟಿ ಮಣಿಗಳಲ್ಲೂ ಮೂರು ನಾಲ್ಕು ಸಲ ಹಾಯ್ಸಿ ಮುಗಿಸಿ. ಇದಕ್ಕೆ ಬೇಕಾಗುತ್ತೆ ಅಂತಲೇ ಪ್ರತಿ ಪದಕದ ಮಣಿ ಒಂದೊಂದು ಚಿಟಿಕೆ ಸಣ್ಣ ಕವರಲ್ಲಿ ಎತ್ತಿಟ್ಟಿರಿ, ಮುಂದಿನ ಸಲ ಅದೇ ಬಣ್ಣ ಅಂಗಡೀಲಿ ಸಿಗ್ದೇ ಹೋಗ್ಬಹುದು.