ನೀರು ಬಾರದ ವರ್ಷವನ್ನು ಬರೆಯಿರಿ

ಕ್ರಿಸ್ತನಲ್ಲಿ ಪ್ರಿಯ ಸಹೋದರರೇ, ವಂದನೆಗಳು.

ಮಾನ್ವಿಯಿಂದ ನೀವು ಕಳುಹಿಸಿದ ‘ಷರತ್ತಿಲ್ಲದ ವಿಧೇಯತೆ’ ಎಂಬ ಲೇಖನವನ್ನು ಈಗಿರುವ ರೂಪದಲ್ಲಿ ನಮ್ಮ ಸಭಾಪತ್ರಿಕೆಯಲ್ಲಿ ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಭಕ್ತಿಗೆ ಕೊರತೆಯಿಲ್ಲ, ತೊಡಕಿರುವುದು ವಾದದಲ್ಲಿ. ಫಲವನ್ನು ಎಣಿಸದೆ ದೇವರನ್ನು ನಂಬಬೇಕೆಂದು ಆರಂಭಿಸುವ ನೀವು, ಪ್ರತಿಯೊಂದು ಸಾಕ್ಷಿಯನ್ನೂ ಫಲ ಸಿಕ್ಕ ಜಾಗಕ್ಕೇ ತಂದು ಮುಗಿಸಿದ್ದೀರಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಲ್ಲಿರುವ ನಿಮ್ಮ ಗದ್ದೆಗೆ ನೀರು ಬಂದರೆ ದಶಮಾಂಶ ಕೊಡುವೆನೆಂದು ಹರಕೆ ಹೊತ್ತಿರಿ, ನೀರು ಬಂತು, ಕೊಟ್ಟಿರಿ. ಬೇತೇಲಿನಲ್ಲಿ ಯಾಕೋಬನೂ ಉಣ್ಣಲು ಆಹಾರ, ಉಡಲು ಬಟ್ಟೆ ಕೊಟ್ಟು ಸುರಕ್ಷಿತವಾಗಿ ತವರಿಗೆ ಮುಟ್ಟಿಸಿದರೆ ಯೆಹೋವನೇ ನನಗೆ ದೇವರು ಎಂದು ಹೀಗೆಯೇ ಹರಕೆ ಮಾಡಿದನು (ಆದಿಕಾಂಡ 28:20–22). ದೇವರು ಅವನನ್ನು ಕೈಬಿಡಲಿಲ್ಲ, ನಿಮ್ಮನ್ನೂ ಬಿಡಲಿಲ್ಲ. ಆದರೆ ಅದು ಕರಾರು, ನಿಮ್ಮ ತಲೆಬರಹಕ್ಕೆ ಸಾಕ್ಷಿಯಾಗಲಾರದು.

ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯದಿಂದ ಸಿಂಹಗಳ ಬಾಯಿ ಕಟ್ಟಿದವರನ್ನೂ ಬೆಂಕಿಯ ಬಲವನ್ನು ಆರಿಸಿದವರನ್ನೂ ಸತ್ತವರನ್ನು ತಿರುಗಿ ಪಡೆದ ಸ್ತ್ರೀಯರನ್ನೂ ಎತ್ತಿಕೊಂಡು, 35ನೆಯ ವಚನದ ನಡುವೆ ನಿಲ್ಲಿಸಿದ್ದೀರಿ. ಅದೇ ವಚನದ ಉಳಿದರ್ಧದಿಂದ ಯಾತನೆ ಪಟ್ಟವರು, ಕಲ್ಲೇಟಿನಿಂದ ಸತ್ತವರು, ಗರಗಸದಿಂದ ಕೊಯ್ಯಲ್ಪಟ್ಟವರು ಬರುತ್ತಾರೆ, ಮತ್ತು ಪತ್ರಿಕೆ ಬರೆದವನು ಇವರನ್ನೂ ನಂಬಿಕೆಯ ಅದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ದೇವರ ಮಾತಿನಂತೆ ಮಗನನ್ನು ಬಲಿಕೊಡಲು ಹೊರಟ ಅಬ್ರಹಾಮನ ಪ್ರಸಂಗದಲ್ಲಿ, ಕೊನೆಗೆ ಮಗನ ಬದಲು ಬಲಿಯಾದ ಟಗರನ್ನು ಮೊದಲ ವಾಕ್ಯಕ್ಕೇ ತಂದುಬಿಟ್ಟಿದ್ದೀರಿ. ಮೊರೀಯದ ದಾರಿಯಲ್ಲಿ ಮೂರನೆಯ ದಿನದವರೆಗೂ ನಡೆದು, ಮಗನ ಮೇಲೆ ಸೌದೆ ಹೊರಿಸಿ, ತಾನು ಬೆಂಕಿಯನ್ನೂ ಕತ್ತಿಯನ್ನೂ ಹಿಡಿದ ತಂದೆಗೆ ಆ ಟಗರಿನ ಸುದ್ದಿ ತಿಳಿದಿರಲಿಲ್ಲ. ಓದುಗರಿಗೂ ಅಲ್ಲಿಯವರೆಗೆ ತಿಳಿಯಬಾರದು.

ನೆರೆಮನೆಯ ತಾಯಿಯೊಬ್ಬರು ನಂಬಿಕೆಯಿಂದ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿದರೆಂಬ ಭಾಗವನ್ನು ನಾವು ಯಾವ ಕಾರಣಕ್ಕೂ ಅಚ್ಚು ಹಾಕುವುದಿಲ್ಲ. ದೇವಾಲಯದ ಶಿಖರದಿಂದ ಧುಮುಕೆಂದ ಸೈತಾನನಿಗೆ, ದೇವರನ್ನು ಪರೀಕ್ಷಿಸಬಾರದೆಂದು ಯೇಸು ಕೊಟ್ಟ ಉತ್ತರ ಇಲ್ಲಿಗೂ ಸಲ್ಲುತ್ತದೆ. ವಾಸಿ ಮಾಡಲೇಬೇಕೆಂದು ಗುಳಿಗೆ ಬಿಡುವುದೂ ದೇವರಿಗೆ ಹಾಕುವ ಷರತ್ತೇ. ಪೀಠಿಕೆಯಲ್ಲಿರುವ, 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ದುಡಿದ ಜಾನ್ ಹ್ಯಾಂಡ್ಸ್ ಅವರ ವೃತ್ತಾಂತವನ್ನೂ ತೆಗೆಯಿರಿ. ಬಳ್ಳಾರಿಯವನಾದ ನನಗೆ ಅದು ಪ್ರಿಯವೇ, ಆದರೆ ಈ ಲೇಖನದಲ್ಲಿ ಅದಕ್ಕೆ ಕೆಲಸವಿಲ್ಲ.

ಹಸ್ತಪ್ರತಿಯನ್ನು ಹಿಂದಿರುಗಿಸಿ ಸುಮ್ಮನಾಗದಿರಲು ಕಾರಣ, ನಾಲ್ಕನೆಯ ಪುಟದ ಒಂದು ವಾಕ್ಯ. ನಾಟಿ ಮಾಡಿದ ಪೈರು ಒಣಗಿಹೋದ ವರ್ಷ ನಿಮ್ಮ ತಂದೆಯವರು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ ಎರಡು ಸೇರು ಅಕ್ಕಿ ತಂದು, ಸುಗ್ಗಿ ಹಬ್ಬದ ಆರಾಧನೆಯಲ್ಲಿ ಎಲ್ಲರ ಕಾಣಿಕೆಗಳ ಜೊತೆಗೆ ಇಟ್ಟರೆಂದು ಬರೆದಿದ್ದೀರಿ, ಮರುವಾಕ್ಯದಲ್ಲೇ ಮುಂದಿನ ವರ್ಷದ ಫಸಲಿಗೆ ಜಿಗಿದಿದ್ದೀರಿ. ಹೊಲಗದ್ದೆಗಳು ಆಹಾರ ಕೊಡದಿದ್ದರೂ ಕರ್ತನಲ್ಲಿ ಉಲ್ಲಾಸಿಸುವೆನೆಂದ ಪ್ರವಾದಿ ಹಬಕ್ಕೂಕನನ್ನು (3:17–18) ನಿಮ್ಮ ಮನೆಯಲ್ಲೇ ಕಂಡಿದ್ದೀರಿ, ಆದರೂ ಅವನಿಗೆ ಒಂದೇ ವಾಕ್ಯ ಕೊಟ್ಟಿದ್ದೀರಿ! ಅಂದು ತಾಯಿಯವರು ಏನೆಂದರು? ಅಂಗಡಿಯವರು ಮುಖ ಸಿಂಡರಿಸಿದರೇ? ಉದ್ರಿ ತೀರಲು ಎಷ್ಟು ಕಾಲ ಹಿಡಿಯಿತು? ತಂದೆಯವರ ಬಳಿ ಕುಳಿತು ಕೇಳಿ, ಅವರು ಹೇಳಿದಂತೆಯೇ ಬರೆಯಿರಿ. ಆ ವರ್ಷ ದೇವರ ಮೇಲೆ ಸಿಟ್ಟು ಬಂದಿತ್ತೆಂದು ಹೇಳಿದರೆ ಅದನ್ನೂ ಬಿಡಬೇಡಿ. ಮರುವರ್ಷದ ಫಸಲನ್ನು ಮಾತ್ರ ಪೂರ್ತಿ ಕೈಬಿಡಿ. ಮೂರು ಪುಟ ಸಾಕು. ತಲೆಬರಹವನ್ನು ನಾವು ನೋಡಿಕೊಳ್ಳುತ್ತೇವೆ.

ಸಂಪಾದಕ